ಹೆನ್ರಿಯೆಟಾ ಬೀದಿಯ ವಠಾರಗಳು

ಡಬ್ಲಿನ್ನಿಗೆ ಹೊಸದಾಗಿ ಬಂದಿಳಿಯುವ ಕನ್ನಡಿಗರು ನಮ್ಮ ಸಂಘದವರನ್ನು ಮೊದಲು ವಿಚಾರಿಸುವುದು ಬಾಡಿಗೆ ಮನೆಯ ಬಗ್ಗೆಯೇ. ಈ ಬಂದರು ನಗರದಲ್ಲಿ ಮನೆಯ ಸಂಕಟ ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಲಿಫಿ ನದಿಯ ಉತ್ತರಕ್ಕಿರುವ ಹೆನ್ರಿಯೆಟಾ ಬೀದಿಗೆ ಹೋಗಬೇಕು.

1720ರ ದಶಕದಲ್ಲಿ ಲ್ಯೂಕ್ ಗಾರ್ಡಿನರ್ ಸಿರಿವಂತರಿಗಾಗಿ ರೂಪಿಸಿದ ಬೀದಿಯದು. ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸಿದ 1800ರ ಒಕ್ಕೂಟ ಕಾಯ್ದೆಯಿಂದ ಇಲ್ಲಿನ ಸಂಸತ್ತು ರದ್ದಾದ ಮೇಲೆ ದೊಡ್ಡ ಮನೆತನಗಳು ಒಂದೊಂದಾಗಿ ಊರು ಬಿಟ್ಟವು. ಶತಮಾನದ ನಡುವೆ ಕ್ಷಾಮದಿಂದ ಕಂಗೆಟ್ಟ ಹಳ್ಳಿಗರು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. ಕಾರ್ಖಾನೆಗಳು ಕಡಿಮೆಯಿದ್ದ ಈ ನಗರದಲ್ಲಿ ಅವರಿಗೆ ದಕ್ಕಿದ್ದು ಹಡಗಿನ ಸರಕು ಇಳಿಸುವ, ಗಾಡಿ ಹೊಡೆಯುವ ದಿನಗೂಲಿ. ಅಂದಂದಿನ ಕೆಲಸಕ್ಕೆ ಅಂದಂದೇ ಆಳುಗಳನ್ನು ಆರಿಸುತ್ತಿದ್ದುದರಿಂದ ಬಂದರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಅವರು ಬಾಡಿಗೆಗೆ ಇರಬೇಕಾಗಿತ್ತು.

14ನೆಯ ನಂಬರಿನ ಮನೆಯನ್ನು 1877ರಲ್ಲಿ ಕೊಂಡ ಥಾಮಸ್ ವ್ಯಾನ್ಸ್, ಇನ್ನಷ್ಟು ಕೋಣೆಗಳಿಗೆ ಜಾಗವಾಗಲೆಂದು ಅದರ ಭವ್ಯವಾದ ಮುಖ್ಯ ಮೆಟ್ಟಿಲನ್ನೇ ಕಿತ್ತುಹಾಕಿಸಿದ. 1911ರ ಜನಗಣತಿಯ ಹೊತ್ತಿಗೆ, ಒಂದೇ ಕುಟುಂಬಕ್ಕೆಂದು ಕಟ್ಟಿದ ಆ ಮನೆಯಲ್ಲಿ ನೂರು ಜನ ವಾಸವಾಗಿದ್ದರು. ಈಗ ವಸ್ತುಸಂಗ್ರಹಾಲಯವಾಗಿರುವ ಆ ಮನೆಯ ಓಣಿಗಳಲ್ಲಿ ವಠಾರದ ಕಾಲದ ಕಡುಕೆಂಪು ಮತ್ತು ನೀಲಿ ಬಣ್ಣದ ಗೋಡೆಗಳನ್ನು ಇಂದಿಗೂ ನೋಡಬಹುದು.

ಬಡವರ ಕೊಳಕುತನದಿಂದಲೇ ವಠಾರಗಳು ಹಾಳಾದವೆಂಬ ಮಾತನ್ನು ನಾನು ಒಪ್ಪಲಾರೆ. 1913ರ ಸೆಪ್ಟೆಂಬರ್ 2ರಂದು ಚರ್ಚ್ ಸ್ಟ್ರೀಟಿನಲ್ಲಿ ಎರಡು ವಠಾರಗಳು ಕುಸಿದು ಏಳು ಜನ ಸತ್ತರು. ಅವರಲ್ಲೊಬ್ಬ, ತಂಗಿಯನ್ನು ಕಾಪಾಡಲು ಹೋದ ಹದಿನೇಳರ ಹುಡುಗ ಯೂಜೀನ್ ಸಾಮನ್. ಆ ದುರಂತದ ನಂತರ ನಡೆದ ತನಿಖೆಯ ವರದಿ 1914ರಲ್ಲಿ ಹೊರಬಂದಾಗ, ನಗರದ 20,000ಕ್ಕೂ ಹೆಚ್ಚು ಕುಟುಂಬಗಳು ತಲಾ ಒಂದೊಂದೇ ಕೋಣೆಯಲ್ಲಿ ಬದುಕುತ್ತಿದ್ದುದು ದಾಖಲಾಯಿತು. ಇಂಥ ಕಟ್ಟಡಗಳ ಮಾಲೀಕರಲ್ಲಿ ನಗರಪಾಲಿಕೆಯ ಸದಸ್ಯರೂ ಇದ್ದರೆಂಬುದನ್ನು ಅದೇ ವರದಿ ಬಯಲು ಮಾಡಿತು. ನೈರ್ಮಲ್ಯದ ನಿಯಮಗಳನ್ನು ಜಾರಿಗೆ ತರಬೇಕಾದವರೇ ಬಾಡಿಗೆ ಎಣಿಸುತ್ತಿದ್ದಾಗ ಬಾಡಿಗೆದಾರರು ಯಾರಲ್ಲಿ ದೂರಬೇಕಿತ್ತು?

1920ರ ದಶಕದಲ್ಲಿ ನಗರದ ಮರೀನೋ ಬಡಾವಣೆಯಲ್ಲಿ ಕೈತೋಟವಿರುವ ಅಚ್ಚುಕಟ್ಟಾದ ಮನೆಗಳು ಎದ್ದವು, ಆದರೆ ಅವುಗಳ ಕಂತು ಕಟ್ಟುವ ಶಕ್ತಿ ಕಡುಬಡವರಿಗಿರಲಿಲ್ಲ. 1963ರ ಜೂನ್‌ನಲ್ಲಿ ಬೋಲ್ಟನ್ ಸ್ಟ್ರೀಟ್ ಮತ್ತು ಫೀನಿಯನ್ ಸ್ಟ್ರೀಟುಗಳಲ್ಲಿ ಹಳೆಯ ಮನೆಗಳು ಮತ್ತೆ ಕುಸಿದು ನಾಲ್ವರು ಸತ್ತ ಮೇಲಷ್ಟೇ ಅಪಾಯದ ಕಟ್ಟಡಗಳನ್ನು ಅವಸರವಸರವಾಗಿ ತೆರವು ಮಾಡಿಸಲಾಯಿತು. ಹೆನ್ರಿಯೆಟಾ ಬೀದಿಯ 14ನೆಯ ಮನೆಯ ಕೊನೆಯ ಬಾಡಿಗೆದಾರರು ಅಲ್ಲಿಂದ ಹೊರಟಿದ್ದು 1970ರ ದಶಕದ ಕೊನೆಯಲ್ಲಿ.