ಕಾಫಿ ಸ್ಕ್ರಬ್ ಸೋಪು ನಿಲ್ಲಿಸುತ್ತಿದ್ದೇವೆ, ಇನ್ನು ತರಿ ನೀವೇ ಬೆರೆಸಿಕೊಳ್ಳಿ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಮುಂದಿನ ತಿಂಗಳಿಂದ ನಮ್ಮಲ್ಲಿ ಕಾಫಿ ಸ್ಕ್ರಬ್ ಸೋಪು ಸಿಗುವುದಿಲ್ಲ. ಈಗ ಒಣಗಲು ಇಟ್ಟಿರುವಷ್ಟು ಖಾಲಿಯಾದರೆ ಮುಗಿಯಿತು, ಮತ್ತೆ ಮಾಡುವುದಿಲ್ಲ. ಅದರ ಬದಲು ಬರೀ ಬಿಳಿ ಸೋಪು ಕೊಡುತ್ತೇವೆ. ತರಿ ಇಲ್ಲ, ಬಣ್ಣ ಇಲ್ಲ, ಪರಿಮಳವೂ ಇಲ್ಲ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ನಮ್ಮ ಶಿರಸಿ ಕಡೆಯ ಮುರುಗಲು (ಕೋಕಂ) ಬೀಜದ ತುಪ್ಪ ಸ್ವಲ್ಪ, ಇವುಗಳಿಂದ ಮಾಡಿದ್ದು. 100 ಗ್ರಾಂ ಬಿಲ್ಲೆಗೆ ಕಾಫಿ ಸೋಪಿಗಿಂತ 15 ರೂಪಾಯಿ ಕಡಿಮೆ. ಹಾಗೇ ಸ್ನಾನಕ್ಕೆ ಬಳಸಬಹುದು. ಇಲ್ಲಾ ಮನೆಯಲ್ಲೇ ತುರಿದು, ಕರಗಿಸಿ, ನಿಮಗೆ ಬೇಕಾದ ಪುಡಿ ಬೆರೆಸಿ ನಿಮ್ಮದೇ ಸ್ಕ್ರಬ್ ಸೋಪು ಮಾಡಿಕೊಳ್ಳಬಹುದು. ಹೇಗೆ ಮಾಡುವುದು ಅಂತ ಕೆಳಗೆ ಬರೆದಿದ್ದೇವೆ, ದಯವಿಟ್ಟು ಪೂರ್ತಿ ಓದಿ.

ಚೆನ್ನಾಗಿ ಹೋಗುತ್ತಿದ್ದದ್ದೇ ಅದು, ಅದನ್ನೇ ಯಾಕೆ ನಿಲ್ಲಿಸುತ್ತೀರಿ ಅಂತ ಕೇಳುತ್ತೀರಿ. ನೀವು ಕಳಿಸಿದ ಮೆಸೇಜುಗಳೇ ಕಾರಣ. ತೋಟದ ಕೆಲಸ ಮಾಡುವವರೊಬ್ಬರು ಹಿಮ್ಮಡಿಗೆ ಇದು ಏನೇನೂ ಸಾಲದು, ಇನ್ನೂ ಒರಟಾಗಿರಲಿ ಅಂತ ಬರೆಯುತ್ತಾರೆ. ಇನ್ನೊಬ್ಬರು, ಮಗಳು ಮುಖಕ್ಕೆ ಹಚ್ಚಿಕೊಂಡಳು, ಕೆನ್ನೆ ಉರಿಯುತ್ತಿದೆ ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಹಿಮ್ಮಡಿಯ ಚರ್ಮ ದಪ್ಪ, ಮುಖದ್ದು ತೆಳು, ಅದರಲ್ಲೂ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ. ಒಂದೇ ತರಿ ಹಾಕಿದ ಒಂದೇ ಸೋಪು ಎಲ್ಲರಿಗೂ ಹೊಂದಬೇಕು ಅಂದರೆ ಆಗುವ ಮಾತಲ್ಲ. ಹಾಗಂತ ನಾಲ್ಕೈದು ಥರ ಮಾಡೋಣ ಅಂದರೆ ಪ್ರತಿ ಸಲ ಹಾಕಿದ ಸೋಪೂ ನಾಲ್ಕರಿಂದ ಆರು ವಾರ ಹಲಗೆ ಮೇಲೆ ಗಾಳಿಗೆ ಒಣಗಬೇಕು, ಅಷ್ಟು ಹಲಗೆ ಇಡಲು ನಮ್ಮ ಸೋಪಿನ ಮನೆಯಲ್ಲಿ ಜಾಗ ಇಲ್ಲ. ಸೋಪು ಮಾಡುವುದು ನಮ್ಮ ಕೆಲಸ, ಅದನ್ನು ಚೆನ್ನಾಗಿ ಮಾಡಿ ಕೊಡುತ್ತೇವೆ. ತರಿ ಎಷ್ಟು ಇರಬೇಕು ಅನ್ನುವುದು ಉಜ್ಜಿಕೊಳ್ಳುವವರಿಗೇ ಗೊತ್ತು.

ಮೊದಲಿನಿಂದಲೂ ಹೀಗೇ ಇತ್ತು ಅಲ್ವಾ? ನರಕ ಚತುರ್ದಶಿ ದಿನ ಎಣ್ಣೆ ಹಚ್ಚಿ ಬಚ್ಚಲಿಗೆ ಕಳಿಸುವಾಗ ದೊಡ್ಡವರ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಕೂಸಿಗೆ ನುಣ್ಣಗೆ ಜರಡಿ ಹಿಡಿದ ಹೆಸರುಹಿಟ್ಟು. ಮೈಸೂರು ಸ್ಯಾಂಡಲ್ ಮನೆಮನೆಗೆ ಬಂದಮೇಲೂ ಹಬ್ಬದ ಎಣ್ಣೆ ಸ್ನಾನಕ್ಕೆ ಹಿಟ್ಟೇ ಬೇಕಿತ್ತು. ಯಾರಿಗೆ ಯಾವುದು, ಎಷ್ಟು ತರಿತರಿ ಅಂತ ಆ ಮನೆಯ ಹೆಂಗಸರೇ ನೋಡಿ ಬೀಸುತ್ತಿದ್ದರು.

ಈಗ ಮಾಡುವ ರೀತಿ. ಎರಡು ಬಿಲ್ಲೆ, ಅಂದರೆ 200 ಗ್ರಾಂ ಸೋಪನ್ನು ಕ್ಯಾರೆಟ್ ತುರಿಯುವ ತುರಿಮಣೆಯಲ್ಲಿ ಸಣ್ಣಗೆ ತುರಿಯಿರಿ. ಆ ತುರಿಮಣೆ ಆಮೇಲೆ ಅಡುಗೆಗೆ ಬೇಡ, ಹಳೆಯದೊಂದನ್ನು ಇದಕ್ಕೇ ಇಟ್ಟುಕೊಳ್ಳಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದರೊಳಗೆ ಸ್ಟೀಲಿನ ಸಣ್ಣ ಪಾತ್ರೆ ಇಟ್ಟು, ತುರಿ ಹಾಕಿ, ಮೂರ್ನಾಲ್ಕು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸೋಪಿನ ಕ್ಷಾರ ಅದಕ್ಕೆ ಆಗಿಬರುವುದಿಲ್ಲ. ಉರಿ ಸಣ್ಣಗಿರಲಿ. ಅರ್ಧ ಗಂಟೆ ಹತ್ತಿರ ಹಿಡಿಯುತ್ತದೆ, ಹಳೆಯ ಸೋಪಾದರೆ ಇನ್ನೂ ಸ್ವಲ್ಪ ಹೊತ್ತು, ಇನ್ನೊಂದು ಚಮಚ ನೀರು. ಆಗಾಗ ನಿಧಾನಕ್ಕೆ ತಿರುವಿ, ಜೋರಾಗಿ ಕಡೆದರೆ ನೊರೆಯೇ ಎದ್ದು ಸೋಪೆಲ್ಲ ತೂತುತೂತಾಗುತ್ತದೆ. ಎಣ್ಣೆಯ ಹಾಗೆ ತೆಳ್ಳಗೆ ಕರಗುತ್ತದೆ ಅಂತ ಕಾಯಬೇಡಿ, ಅದು ಎಂದೂ ಹಾಗಾಗುವುದಿಲ್ಲ. ಗಟ್ಟಿ ರಾಗಿ ಅಂಬಲಿಯ ಹದಕ್ಕೆ ಬಂದು, ಬಿಳಿ ತುರಿ ಅಲ್ಲಲ್ಲಿ ಅರೆಪಾರದರ್ಶಕವಾಗಿ ಕಂಡರೆ ಸಾಕು, ಇಳಿಸಿ.

ಇಳಿಸಿ ಸ್ವಲ್ಪ ಆರಿದ ಮೇಲೆ ಪುಡಿ ಬೆರೆಸಿ. 200 ಗ್ರಾಂಗೆ ಒಂದು ಟೀ ಚಮಚದಿಂದ ಶುರುಮಾಡಿ, ಎರಡರ ಮೇಲೆ ಬೇಡ. ಜಾಸ್ತಿ ಹಾಕಿದಷ್ಟೂ ಚೆನ್ನಾಗಿ ಉಜ್ಜುತ್ತದೆ ಅನ್ನಿಸುತ್ತದೆ, ಆದರೆ ಸೋಪು ಕೂಡಿಕೊಳ್ಳದೆ ಉದುರುತ್ತದೆ, ಮೈ ಕೂಡ ಕೆರೆದುಹೋಗುತ್ತದೆ. ಎಣ್ಣೆ ಸವರಿದ ಸ್ಟೀಲ್ ಬಟ್ಟಲಿಗೋ ಸಿಲಿಕಾನ್ ಅಚ್ಚಿಗೋ ತುಂಬಿ, ಗಾಳಿ ಸಿಕ್ಕಿಕೊಳ್ಳದಂತೆ ಒತ್ತಿ, ಮಾರನೇ ದಿನ ತೆಗೆದು ನೆರಳಲ್ಲಿ ಒಂದೆರಡು ವಾರ ಒಣಗಿಸಿ. ಮಳೆಗಾಲವಾದರೆ ಇನ್ನೂ ಜಾಸ್ತಿ ದಿನ ಬೇಕು. ಮೇಲ್ಭಾಗ ಉಬ್ಬುತಗ್ಗಾಗಿಯೇ ಇರುತ್ತದೆ, ಅದು ಈ ರೀತಿಯ ಸೋಪಿನ ಗುಣ.

ಯಾವ ಪುಡಿ ಅನ್ನುವುದೇ ಮುಖ್ಯ ಪ್ರಶ್ನೆ. ಕಾಫಿ ಸೋಪೇ ಬೇಕು ಅನ್ನುವವರು ಫಿಲ್ಟರಿನಲ್ಲಿ ಉಳಿದ ಗಸಿಯನ್ನು ತಟ್ಟೆಯಲ್ಲಿ ಹರಡಿ, ಕೈಗೆ ಅಂಟದ ಹಾಗೆ ಗರಿಗರಿಯಾಗಿ ಒಣಗಿಸಿ, ಜರಡಿ ಹಿಡಿದು ಹಾಕಿ. ಚಿಕೋರಿ ಬೆರೆತ ಪುಡಿಯ ಗಸಿ ಅಷ್ಟು ಉಜ್ಜುವುದಿಲ್ಲ, ಚಿಕೋರಿ ನೀರು ಕುಡಿದು ಮೆತ್ತಗಾಗುತ್ತದೆ. ಚರ್ಮ ನಾಜೂಕಾಗಿದ್ದರೆ ಅದೇ ಒಳ್ಳೆಯದು. ಹಿಮ್ಮಡಿ, ಮೊಣಕೈಗೆ ಅಕ್ಕಿ ತರಿ ಆಗಬಹುದು. ಇಡೀ ಮೈಗೆ ನಮಗೆ ಇಷ್ಟವಾದದ್ದು ಲಾವಂಚದ ಬೇರು. ಬೇರನ್ನು ತೊಳೆದು ಒಣಗಿಸಿ, ಕತ್ತರಿಯಲ್ಲಿ ಆದಷ್ಟು ಚಿಕ್ಕದಾಗಿ ಕತ್ತರಿಸಿ ಮಿಕ್ಸಿಗೆ ಹಾಕಬೇಕು. ಉದ್ದ ಇದ್ದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಪುಡಿಯನ್ನು ಬಟ್ಟೆಯಲ್ಲಿ ಸೋಸಿದಾಗ ಮೇಲೆ ಉಳಿಯುವ ಎಳೆ ಚುಚ್ಚುತ್ತದೆ, ಅದನ್ನು ಬಿಟ್ಟು ಕೆಳಗೆ ಬಿದ್ದದ್ದು ಮಾತ್ರ ಸೋಪಿಗೆ. ಪರಿಮಳ ಹೊಸದಾಗಿ ಸೇರಿಸುವುದೇ ಬೇಡ, ಒದ್ದೆಯಾದಾಗಲೆಲ್ಲ ಮಣ್ಣಿನ ಘಮ ಬರುತ್ತದೆ. ಪುಡಿ ಮಾಡುವ ರಗಳೆ ಬೇಡ ಅನ್ನುವವರಿಗೆ ಒಣಗಿದ ತುಪ್ಪದ ಹೀರೆಯ ನಾರು ಇದೆ. ಬೀಜ ತೆಗೆದು ಬೆರಳಿನಷ್ಟು ದಪ್ಪ ಬಿಲ್ಲೆ ಕತ್ತರಿಸಿ ಅಚ್ಚಿನಲ್ಲಿಟ್ಟು, ಅದರ ಮೇಲೆ ಕರಗಿದ ಸೋಪು ಒತ್ತಿ ತುಂಬಿದರೆ ಆಯಿತು. ಬಚ್ಚಲ ಕೊಳವೆಗೆ ಗಸಿಯೂ ಹೋಗುವುದಿಲ್ಲ. ಫ್ಲ್ಯಾಟಿನಲ್ಲಿ ಇರುವವರಿಗೆ ಇದೇ ವಾಸಿ.

ಗಸಗಸೆಯೂ ಒಳ್ಳೆಯದೇ, ಕಾಳು ದುಂಡಗಿರುವುದರಿಂದ ಗೀರುವುದಿಲ್ಲ. ಆದರೆ ಒಂದು ಮಾತು. ನಮ್ಮ ಸೋಪನ್ನು ದುಬೈಯಲ್ಲಿರುವ ಮಕ್ಕಳಿಗೆ, ನೆಂಟರಿಗೆ ಕಳಿಸುವವರು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿ ಗಸಗಸೆಗೆ ನಿಷೇಧ ಇದೆ. ಗಸಗಸೆ ಹಾಕಿದ ಸೋಪನ್ನು ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡಿ, ಪಾಪ ಅವರು ಏರ್‌ಪೋರ್ಟಿನಲ್ಲಿ ತೊಂದರೆಗೆ ಸಿಕ್ಕಿಬೀಳಬಾರದು.

ಅರಿಶಿನ ಹಾಕಬಹುದಾ ಅಂತ ಕೇಳದವರಿಲ್ಲ. ಹಾಕಬಹುದು, ಕಾಲು ಚಮಚ ಸಾಕು, ಆದರೆ ಸೋಪು ಹಳದಿ ಬರುವುದಿಲ್ಲ. ಕಿತ್ತಳೆ, ಒಮ್ಮೊಮ್ಮೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಗೆ ಓಕುಳಿ ನೀರು ಮಾಡುತ್ತೇವಲ್ಲ, ಅದೇ ಸಂಗತಿ ಇಲ್ಲೂ ನಡೆಯುತ್ತದೆ, ಯಾಕಂದರೆ ಸೋಪು ಕೂಡ ಕ್ಷಾರವೇ. ಕೆಟ್ಟುಹೋಯಿತು ಅಂತ ಬಿಸಾಡಬೇಡಿ.

ಹಸಿ ಸಾಮಾನು ಮಾತ್ರ ಯಾವುದೂ ಬೇಡ. ಸೌತೆಕಾಯಿ, ಪಪ್ಪಾಯಿ, ಲೋಳೆಸರ, ಹಸಿ ಬೇವಿನ ಸೊಪ್ಪು ಅರೆದು ಹಾಕಿದರೆ ನೋಡಲು ಚೆನ್ನಾಗಿರುತ್ತದೆ, ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ನಿಂಬೆರಸ, ಮೊಸರಿನ ಹುಳಿ ಸೋಪನ್ನೇ ಒಡೆದು ಜಿಡ್ಡು ಜಿಡ್ಡು ಮಾಡುತ್ತದೆ. ನಿಂಬೆಯೋ ಕಿತ್ತಳೆಯೋ ಬೇಕೇಬೇಕು ಅಂದರೆ ಸಿಪ್ಪೆಯನ್ನು ಒಣಗಿಸಿ ಪುಡಿಮಾಡಿ ಹಾಕಿ. ಸಕ್ಕರೆ ಕರಗಿ ಹೋಗುತ್ತದೆ, ಹಾಕಿ ಉಪಯೋಗವಿಲ್ಲ.

ನೈಸರ್ಗಿಕ ಅಂದ ಮಾತ್ರಕ್ಕೆ ಚರ್ಮಕ್ಕೆ ಮೆತ್ತಗಿರುತ್ತದೆ ಅಂತ ನಂಬಬೇಡಿ, ಇದನ್ನು ಒತ್ತಿ ಹೇಳುತ್ತೇವೆ. ಸ್ಕ್ರಬ್‌ಗಳಲ್ಲಿ ಬರುತ್ತಿದ್ದ ಪ್ಲಾಸ್ಟಿಕ್ ಮಣಿಗಳು ನದಿ ಸಮುದ್ರ ಸೇರುತ್ತವೆ ಅಂತ ಅಮೆರಿಕ 2015ರಲ್ಲಿ ಅವನ್ನು ನಿಷೇಧಿಸಿ ಕಾನೂನನ್ನೇ ಮಾಡಿತು. ಒಳ್ಳೆಯದಾಯಿತು. ಆದರೆ ಅದರ ಜಾಗಕ್ಕೆ ಬಂದ ಅಕ್ರೋಟು ಚಿಪ್ಪಿನ ಪುಡಿಯ ಚೂರುಗಳು ಮೊನೆಮೊನೆಯಾಗಿರುತ್ತವೆ, ಮುಖಕ್ಕೆ ಖಂಡಿತ ಹೇಳಿಸಿದ್ದಲ್ಲ. ನೀವು ಬೆರೆಸುವ ಪುಡಿ ಯಾವುದೇ ಇರಲಿ, ಮೊದಲು ಒದ್ದೆ ಮಾಡಿ ಮುಂಗೈ ಒಳಭಾಗದಲ್ಲಿ ಮೆಲ್ಲಗೆ ತಿಕ್ಕಿ ನೋಡಿ. ಅಲ್ಲಿ ಚುಚ್ಚಿದರೆ ಸೋಪಿಗೂ ಬೇಡ. ವಾರಕ್ಕೆ ಒಂದೆರಡು ಸಲ ಸಾಕು, ಚರ್ಮದ ಮೇಲ್ಪದರ ಸುಮಾರು ತಿಂಗಳಿಗೊಮ್ಮೆ ತಾನಾಗಿಯೇ ಹೊಸದಾಗುತ್ತಿರುತ್ತದೆ, ನಾವು ದಿನಾ ಕೆರೆಯಬೇಕಾಗಿಲ್ಲ. ಮೊಡವೆ, ಗಾಯ, ಇಸುಬು ಇರುವ ಕಡೆ, ಆಗ ತಾನೇ ಶೇವ್ ಮಾಡಿದ ಕಡೆ ಉಜ್ಜಬೇಡಿ. ಮುಖಕ್ಕೆ ತರಿ ಸೋಪೇ ಬೇಡ, ಒಂದು ಚಿಟಿಕೆ ಹೆಸರುಹಿಟ್ಟು ನೀರಲ್ಲಿ ಕಲಸಿ ಹಚ್ಚಿ ತೊಳೆದರೆ ಆಯಿತು.

ಕರಗಿಸುವುದೇನು, ಮೊದಲಿನಿಂದ ಸೋಪನ್ನೇ ಮನೆಯಲ್ಲಿ ಮಾಡುತ್ತೇವೆ ಅನ್ನುವವರೂ ಇದ್ದೀರಿ. ಬೇಡ ಅನ್ನುವುದಿಲ್ಲ, ಆದರೆ ಅದು ಕಾಸ್ಟಿಕ್ ಸೋಡಾ ಕೆಲಸ. ಕಾಸ್ಟಿಕ್ ಇಲ್ಲದೆ ಎಣ್ಣೆ ಸೋಪಾಗುವುದಿಲ್ಲ, ನಮ್ಮ ಸೋಪೂ ಹಾಗೇ ಆದದ್ದು. ಅಳತೆ ಸರಿಯಾಗಿದ್ದರೆ ಅದು ಎಣ್ಣೆಯ ಜೊತೆ ಸೇರಿ ಖರ್ಚಾಗಿಬಿಡುತ್ತದೆ, ಬಿಲ್ಲೆಯಲ್ಲಿ ಉಳಿಯುವುದಿಲ್ಲ. 1 ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಬೇಕು, ನಾವು ಅದಕ್ಕಿಂತ ಕಡಿಮೆಯೇ ಹಾಕಿ ಸ್ವಲ್ಪ ಎಣ್ಣೆ ಉಳಿಸುತ್ತೇವೆ. ಪ್ರತಿ ಎಣ್ಣೆಗೂ ಲೆಕ್ಕ ಬೇರೆ, ಚಮಚದಲ್ಲಿ ಅಳೆದರೆ ಆಗುವುದಿಲ್ಲ, ತೂಕವೇ ಬೇಕು. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಲೇಬಾರದು, ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಕೈಗವಸು, ತೆರೆದ ಕಿಟಕಿ, ಮಕ್ಕಳು ಇಲ್ಲದ ಹೊತ್ತು, ಇಷ್ಟೂ ಹೊಂದಿಸಲು ಆಗುವುದಿದ್ದರೆ ಮಾತ್ರ ಕೈಹಾಕಿ. ಮಕ್ಕಳ ಜೊತೆ ಕೂತು ಮಾಡುವ ಆಸೆ ಇದ್ದರೆ ತುರಿದು ಕರಗಿಸುವ ದಾರಿಯೇ ಸರಿ, ಬಿಸಿ ಪಾತ್ರೆಯ ಹತ್ತಿರ ಮಾತ್ರ ದೊಡ್ಡವರಿರಲಿ.

ಇನ್ನು ಲೆಕ್ಕಾಚಾರ. ಕಾಫಿ ಸೋಪಿಗೆ ಮುಂಗಡ ಕೊಟ್ಟವರಿಗೆಲ್ಲ ಈಗಿರುವುದರಲ್ಲಿ ಮೊದಲು ಕಳಿಸುತ್ತೇವೆ. ಸಾಲದೇ ಹೋದರೆ ಹಣ ವಾಪಸ್ ಬೇಕೋ, ಬಿಳಿ ಸೋಪು ಬೇಕೋ ಅಂತ ಕೇಳಿಯೇ ಮುಂದುವರಿಯುತ್ತೇವೆ. ಅಂಗಡಿಯಲ್ಲಿಟ್ಟು ಮಾರುವವರು ಉಳಿದ ಕಾಫಿ ಸೋಪನ್ನು ವಾಪಸ್ ಕಳಿಸಬೇಕಾಗಿಲ್ಲ, ಒಣ ಜಾಗದಲ್ಲಿಟ್ಟರೆ ಏನೂ ಆಗುವುದಿಲ್ಲ, ಮಾರಿ ಮುಗಿಸಿ. ಕರಗಿಸಲೆಂದೇ ಬಿಳಿ ಸೋಪು ತೆಗೆದುಕೊಳ್ಳುವವರು ಆರ್ಡರ್ ಹಾಕುವಾಗ ಹಾಗಂತ ಒಂದು ಮಾತು ಬರೆಯಿರಿ. ಹೊಸ ಸೋಪು ಬೇಗ ಕರಗುತ್ತದೆ, ಅಂಥದ್ದನ್ನೇ ಆರಿಸಿ ಕಳಿಸುತ್ತೇವೆ. ಲಾವಂಚದ ಬೇರು ನಿಮ್ಮ ಕಡೆ ಸಿಗದಿದ್ದರೆ ಅದನ್ನೂ ಕೇಳಿ, ಸೋಪಿನ ಪೊಟ್ಟಣದಲ್ಲೇ ಒಂದು ಹಿಡಿ ಇಡುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ. ಮಾಡಿದ ಮೇಲೆ ಏನು ಹಾಕಿದಿರಿ, ಯಾರ ಚರ್ಮಕ್ಕೆ ಹೊಂದಿತು, ಯಾರಿಗೆ ಉರಿಯಿತು ಅಂತ ನಮ್ಮ ವಾಟ್ಸಾಪ್ ನಂಬರಿಗೆ ಬರೆಯಿರಿ. ಉಳಿದವರಿಗೂ ತಿಳಿಸುತ್ತೇವೆ.

ಇಂತಿ,
ಸೋಪಿನ ಮನೆಯ ಎಲ್ಲರೂ