ಹತ್ತನೆಯವರು ನಿಮ್ಮವ್ವ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಮಗಳ ಸ್ಕೂಲಿನಲ್ಲಿ ಐದನೇ ಕ್ಲಾಸಿನವರಿಗೆ ಧನುರ್ವಾಯು, ಗಂಟಲಮಾರಿ ಬಾರದ ಹಾಗೆ ಟಿ.ಡಿ. ಚುಚ್ಚುಮದ್ದು ಹಾಕುತ್ತಾರಂತೆ, ನೀನು ಬೇಡ ಅಂತ ಬರೆದುಕೊಟ್ಟೆಯಂತೆ. ‘ಕೊರೊನಾದಲ್ಲಿ ನಾವು ಹಾಕಿಸ್ಕೊಂಡಿದ್ದೇ ಸಾಕು, ನಮ್ಮ ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹಾರ್ಟ್ ಅಟ್ಯಾಕ್ ಆಗಿ ಹೋಗಿದ್ದು ನೋಡಿದ್ಯಲ್ಲ’ ಅಂದೆ. ಆಗ ನನಗೆ ಬಾಯಿ ಬರಲಿಲ್ಲ. ಊರು ಬಿಟ್ಟು ಹೋದ ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದೇ ಭಯ ಇದೆ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ ಕಣೋ. 2021ರ ಏಪ್ರಿಲ್. 45 ದಾಟಿದವರಿಗೆಲ್ಲ ಲಸಿಕೆ ಅಂತ ಆಗಷ್ಟೇ ಶುರುವಾಗಿತ್ತು. ನಮ್ಮ ಶಾಲೆಯಲ್ಲೇ ಕ್ಯಾಂಪ್. ನಾನು ಆಧಾರ್ ನೋಡಿ ಹೆಸರು ಬರೆದುಕೊಳ್ಳಲು ಕೂತಿದ್ದೆ. ಬೆಂಚಿನ ಮೇಲೆ ನೀಲಿ ಐಸ್ ಬಾಕ್ಸ್. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಜನಕ್ಕಾಗುವಷ್ಟು ಮದ್ದು, ಒಬ್ಬೊಬ್ಬರಿಗೆ ಅರ್ಧ ಎಂ.ಎಲ್. ಒಮ್ಮೆ ತೆಗೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಬಿಸಾಡಬೇಕು. ಹತ್ತು ಜನ ಸೇರದೆ ಸಿಸ್ಟರ್ ಸೀಸೆ ಮುಟ್ಟಲಿಲ್ಲ. ಬೆಳಿಗ್ಗೆಯಿಂದ ಕಾದು ಮಧ್ಯಾಹ್ನ ಒಂದೂವರೆ ಆದರೂ ಒಂಬತ್ತೇ ಜನ. ಇಬ್ಬರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಆಶಾ ಅಕ್ಕ ‘ಹತ್ತು ನಿಮಿಷ ಕೂತ್ಕೊಳ್ಳಿ’ ಅಂತ ಹೇಳಿ ಹೊಲದ ಕಡೆ ಓಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಮಾಡಿದ್ದು ನೆನಪಿದೆಯಾ? ಆ ಬಿಸಿಲಲ್ಲಿ ಅವರು ಓಡಿದ್ದನ್ನು ನೋಡಿದ ಮೇಲೆ ಅವರು ಕೇಳಿದ್ದು ಜಾಸ್ತಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಅರ್ಧ ಗಂಟೆಗೆ ನಿಮ್ಮವ್ವನ ಕೈ ಹಿಡಿದುಕೊಂಡು ಬಂದರು. ಅವ್ವನ ಕೈತುಂಬ ಮಣ್ಣು, ಸೆರಗಿಗೆ ಹುಲ್ಲುಕಡ್ಡಿ ಅಂಟಿತ್ತು. ‘ನಂಗೇನೂ ಧೈರ್ಯ ಇಲ್ಲ ಕಣಪ್ಪ. ನಾನು ಬರದೇ ಹೋದ್ರೆ ಒಂಬತ್ತು ಜನ ಸುಮ್ನೆ ಎದ್ದು ಹೋಗ್ತಾರಂತಲ್ಲ’ ಅಂದರು. ಸೂಜಿ ಚುಚ್ಚುವಾಗ ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯನ್ನೇ ನೋಡುತ್ತಿದ್ದರು. ಆಮೇಲೆ ಅರ್ಧ ಗಂಟೆ ಕೂತು, ಕೊಟ್ಟ ಜ್ವರದ ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮತ್ತೆ ಹೊಲಕ್ಕೇ ಹೋದರು.

ಹೆದರಿದವರ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ. ಮಕ್ಕಳಾಗಲ್ವಂತೆ, ಎರಡೇ ವರ್ಷಕ್ಕೆ ಸಾಯ್ತಾರಂತೆ ಅಂತ ಮೊಬೈಲಿನಲ್ಲಿ ಏನೇನೋ ಬರುತ್ತಿತ್ತು. ಆದರೆ ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಭಯ ಕೂಲಿಯದು. ಜ್ವರ ಬಂದು ಎರಡು ದಿನ ಮಲಗಿದರೆ ಒಲೆ ಹಚ್ಚುವುದು ಹೇಗೆ? ನಮ್ಮಪ್ಪನೂ ಅದನ್ನೇ ಹೇಳಿದ್ದು. ‘ಆಲೂಗಡ್ಡೆ ಬಿತ್ತನೆ ಮುಗೀಲಿ, ಆಮೇಲೆ ನೋಡೋಣ. ಈಗ ನಾನು ಮಲಗಿದ್ರೆ ಬಿತ್ತೋರ್ಯಾರು?’ ಊರವರ ಹೆಸರನ್ನೆಲ್ಲ ಬರೆದುಕೊಂಡವನು ನಾನು. ಅಪ್ಪನ ಹೆಸರು ಬರೆಯಲಿಲ್ಲ. ಸರಿ ಬಿಡಪ್ಪ ಅಂದುಬಿಟ್ಟೆ.

ಮುಂದಿನದ್ದು ನಿನಗೆ ಗೊತ್ತು. ಮೇ ತಿಂಗಳು, ಲಾಕ್‌ಡೌನ್. ಆಕ್ಸಿಜನ್ ಇರುವ ಬೆಡ್ ಸಿಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಮುಖ ಕೂಡ ಸರಿಯಾಗಿ ನೋಡಲಾಗಲಿಲ್ಲ. ಬಿತ್ತನೆ ಗಡ್ಡೆಯ ಮೂಟೆಗಳು ಜಗುಲಿಯ ಮೇಲೇ ಮೊಳಕೆ ಬಂದವು. ಬರಲಾಗಲಿಲ್ಲ ಅಂತ ನೀನು ಫೋನಿನಲ್ಲಿ ಅತ್ತಿದ್ದೆ. ಅದೇ ತಿಂಗಳು ನಿಮ್ಮವ್ವನಿಗೂ ಬಂತು. ಐದು ದಿನ ಜ್ವರ, ಮನೆಯಲ್ಲೇ ವಾಸಿಯಾಯಿತು. ಆ ಒಂದು ಡೋಸಿನಿಂದಲೇ ಉಳಿದರು ಅಂತ ನಾನು ಹೇಳಲ್ಲ, ಅದು ನನಗೆ ಹೇಗೆ ಗೊತ್ತಾಗಬೇಕು? ಆದರೆ ಅಪ್ಪನ ವಿಷಯ ನೆನೆದಾಗಲೆಲ್ಲ ಆ ಹತ್ತನೇ ಡೋಸ್ ನೆನಪಾಗುತ್ತದೆ.

ಈಗ ಹಾಸನದ ಮಾತು. ಹೋದ ವರ್ಷ, 2025ರಲ್ಲಿ, ಚಿಕ್ಕ ವಯಸ್ಸಿನವರು ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ಹೋದಾಗ ನಾನೂ ಹೆದರಿದ್ದೆ. ಮುಖ್ಯಮಂತ್ರಿಗಳೇ ಲಸಿಕೆಯ ಮೇಲೆ ಅನುಮಾನ ಹೇಳಿದರು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆಮೇಲೆ ಅದೇ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ನೋಡಿ, ಲಸಿಕೆಗೂ ಚಿಕ್ಕ ವಯಸ್ಸಿನವರ ಹೃದಯಾಘಾತಕ್ಕೂ ನಂಟಿಲ್ಲ ಅಂತ ವರದಿ ಕೊಟ್ಟಿತು. ಅದಕ್ಕೂ ಮೊದಲೇ ವೈದ್ಯಕೀಯ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆ ಐಸಿಎಂಆರ್‌ನವರು ದೇಶದ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ದಿಢೀರ್ ಸಾವುಗಳನ್ನು ತೆಗೆದು ನೋಡಿದ್ದರು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ, ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಕೊರೊನಾ ಬಂದು ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲೇ ಹೀಗೆ ದಿಢೀರ್ ಸಾವು ಕಂಡವರಲ್ಲಿ, ಮಿತಿಮೀರಿ ಕುಡಿದವರಲ್ಲಿ ಹೆಚ್ಚಿತ್ತು. ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟಿದ್ದೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ತೀರಾ ಅಪರೂಪಕ್ಕೆ, ಹಾಕಿದ ಕೆಲವೇ ವಾರಗಳಲ್ಲಿ ಕೆಲವರಿಗೆ ಆಗಿದೆ. ನಾಲ್ಕು ವರ್ಷ ಆದಮೇಲೆ ಬರುವಂಥದ್ದಲ್ಲ ಅದು.

ನೀನು ದಿನಕ್ಕೆ ಹದಿನಾಲ್ಕು ಗಂಟೆ ಸ್ಟೇರಿಂಗ್ ಹಿಡಿಯುವವನು. ಊಟಕ್ಕೆ ಹೊತ್ತಿಲ್ಲ ಗೊತ್ತಿಲ್ಲ, ಬೀಡಿ ಬಿಟ್ಟಿಲ್ಲ. ನನಗಿರುವ ಭಯ ಅದರದ್ದು. ಈ ವಾರವೇ ಬಿ.ಪಿ., ಶುಗರ್ ನೋಡಿಸಿಕೋ.

ಮಗಳ ಟಿ.ಡಿ. ಹೊಸದೇನಲ್ಲ ಕಣೋ. ಕಾಲಿಗೆ ಮೊಳೆ ಚುಚ್ಚಿಸಿಕೊಂಡು ನೀನು ಕೆರೆ ಏರಿ ಮೇಲೆ ಕೂತು ಅಳುತ್ತಿದ್ದಾಗ ನಿಮ್ಮಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಟಿ.ಟಿ. ಹಾಕಿಸಿದ್ದರಲ್ಲ? ಅದೇ ಧನುರ್ವಾಯುವಿನ ಮದ್ದಿಗೆ ಗಂಟಲಮಾರಿಯದ್ದನ್ನೂ ಸೇರಿಸಿದ್ದಾರೆ, ಅಷ್ಟೇ. ಹತ್ತನೇ ವಯಸ್ಸಿಗೊಂದು, ಹದಿನಾರಕ್ಕೊಂದು. ನಮ್ಮ ಶಾಲೆಯ ಮಕ್ಕಳಿಗೆ ಪ್ರತಿ ವರ್ಷ ನನ್ನ ಕಣ್ಣೆದುರೇ ಹಾಕಿಸುತ್ತೇನೆ. ಗಂಟಲಮಾರಿ ಬಂದರೆ ಗಂಟಲೊಳಗೆ ಬೂದಿ ಬಣ್ಣದ ಪೊರೆ ಕಟ್ಟಿ ಮಗುವಿಗೆ ಉಸಿರೇ ಸಿಗದಂತಾಗುತ್ತದೆ.

ಸೋಮವಾರ ಸ್ಕೂಲಿಗೆ ಹೋಗಿ ಆ ಚೀಟಿ ವಾಪಸ್ ತೆಗೆದುಕೋ. ಅದಕ್ಕೂ ಮೊದಲು ಅವ್ವನಿಗೆ ಒಂದು ಫೋನ್ ಮಾಡಿ ಆ ಮಧ್ಯಾಹ್ನದ್ದು ಕೇಳು. ನಾನು ಬರೆದದ್ದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ನಿನ್ನ,
ಊರಿನ ಮೇಷ್ಟ್ರು