ಟ್ಯಾಂಕ್ ತುಂಬಿಸಲು ಅರ್ಧ ಗಂಟೆ: ಮೋಟರ್‌ಹೋಮ್‌ನ ಬ್ರೀದರ್ ಪೈಪ್ ಸರಿಪಡಿಸಿಕೊಡುವ ಬಗ್ಗೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮಿಂದ ಕೊಂಡ ಮೋಟರ್‌ಹೋಮ್‌ಗೆ, ಅಂದರೆ ಒಳಗೇ ಮನೆ ಇರುವ ಗಾಡಿಗೆ, ಡೀಸೆಲ್ ಹಾಕಿಸುವುದೇ ದೊಡ್ಡ ಗೋಳಾಗಿದೆ. ನಾಝಲ್ ಒತ್ತಿದ ಎರಡು ಮೂರು ಸೆಕೆಂಡಿಗೆ ಟಕ್ ಅಂತ ಕಟ್ ಆಗುತ್ತದೆ. ಮತ್ತೆ ಒತ್ತಿದರೆ ಮತ್ತೆ ಟಕ್. ಸಣ್ಣಗೆ ಬಿಟ್ಟುಕೊಂಡು ನಿಂತರೆ 60 ಲೀಟರ್‌ಗೆ ಅರ್ಧ ಗಂಟೆ ಬೇಕು. ಹಿಂದೆ ಗಾಡಿಗಳ ಸಾಲು. ಹೋದ ವಾರ ಡೀಸೆಲ್ ಉಕ್ಕಿ ಬಂದು ನನ್ನ ಮುಂಗೈಯೆಲ್ಲ ನೆನೆಯಿತು.

ಎರಡು ಸಲ ಸರ್ವಿಸ್ ಸೆಂಟರಿಗೆ ತಂದೆ. "ಬಂಕಿನ ಪಂಪ್ ಸ್ಪೀಡ್ ಜಾಸ್ತಿ ಇರುತ್ತೆ, ಬೇರೆ ಕಡೆ ಹಾಕಿಸಿ ನೋಡಿ" ಅಂದು ಕಳಿಸಿದರು. ಗಾಡಿಯ ಕೆಳಗೆ ಒಬ್ಬರೂ ಬಗ್ಗಿ ನೋಡಲಿಲ್ಲ. ಏಳು ಬಂಕ್‌ಗಳಲ್ಲಿ ಹಾಕಿಸಿ ನೋಡಿದೆ, ಎಲ್ಲ ಕಡೆ ಇದೇ ಪಾಡು. ಅದೇ ನಾಝಲ್‌ನಲ್ಲಿ ನನ್ನ ಮುಂದಿದ್ದ ಲಾರಿ ಸರಾಗವಾಗಿ ತುಂಬಿಸಿಕೊಂಡು ಹೋಯಿತು. ಹಾಗಾದರೆ ತಪ್ಪು ಪಂಪಿನದ್ದು ಹೇಗಾಗುತ್ತದೆ?

ಕೊನೆಗೆ ಪರಿಚಯದ ಮೆಕ್ಯಾನಿಕ್ ಜೊತೆ ನಾನೇ ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಟ್ಯಾಂಕ್‌ನಿಂದ ಡೀಸೆಲ್ ಹಾಕುವ ಮುಚ್ಚಳದ ಕಡೆಗೆ ಎರಡು ಪೈಪ್ ಬರುತ್ತವೆ. ದಪ್ಪದ್ದರಲ್ಲಿ ಡೀಸೆಲ್ ಇಳಿಯಬೇಕು, ತೆಳ್ಳಗಿನ ಬ್ರೀದರ್ ಪೈಪಿನಲ್ಲಿ ಒಳಗಿನ ಗಾಳಿ ಹೊರಬರಬೇಕು. ಮನೆಯ ಭಾಗ ಚಾಸಿಗಿಂತ (ಗಾಡಿಯ ಕೆಳಗಿನ ಚೌಕಟ್ಟಿಗಿಂತ) ಅಗಲ ಆದದ್ದರಿಂದ ನೀವು ಮುಚ್ಚಳವನ್ನು ಆಚೆಗೆ ತಂದು ಎರಡನ್ನೂ ಉದ್ದ ಮಾಡಿದ್ದೀರಿ. ಅದು ಸರಿ. ಆದರೆ ಬ್ರೀದರ್ ಪೈಪ್ ಜಾಸ್ತಿ ಉದ್ದವಾಗಿ ಮಧ್ಯದಲ್ಲಿ ಜೋತುಬಿದ್ದಿದೆ. ಆ ತಗ್ಗಿನಲ್ಲಿ ಡೀಸೆಲ್ ನಿಂತಿತ್ತು. ಸ್ವಲ್ಪ ಮೇಲೆ, ನೆಲದ ಫ್ರೇಮಿನ ಹತ್ತಿರ, ಕ್ಲಿಪ್ ಅದನ್ನು ಚಪ್ಪಟೆಯಾಗಿ ಅಮುಕಿದೆ. ಗಾಳಿಗೆ ದಾರಿಯೇ ಇಲ್ಲ. ದಾರಿಯಿಲ್ಲದ ಗಾಳಿ ದಪ್ಪ ಪೈಪಿನಲ್ಲೇ ಎದುರು ಬರುತ್ತದೆ, ನೊರೆ ಏಳುತ್ತದೆ. ನೊರೆ ನಾಝಲ್ ತುದಿಯ ಸಣ್ಣ ತೂತನ್ನು ಮುಚ್ಚಿದ ಕೂಡಲೇ, ಟ್ಯಾಂಕ್ ತುಂಬಿತು ಅಂದುಕೊಂಡು ಅದು ಕಟ್ ಆಗುತ್ತದೆ.

ಕ್ಲಿಪ್ ಸಡಿಲಿಸಿ, ನಿಂತ ಡೀಸೆಲ್ ಇಳಿಸಿ, ಪೈಪನ್ನು ಮೇಲಕ್ಕೆತ್ತಿ ಕಟ್ಟಿದೆವು. ಮರುದಿನ 45 ಲೀಟರ್ ಒಂದೇ ಸಲಕ್ಕೆ ಇಳಿಯಿತು! ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಆದರೆ ಹಗ್ಗ ಕಟ್ಟಿದ ಪೈಪ್ ಎಷ್ಟು ದಿನ ನಿಂತೀತು? ಸರಿಯಾದ ಅಳತೆಯ, ಇಂಧನಕ್ಕೆಂದೇ ಮಾಡಿದ ಹೊಸ ಪೈಪ್ ಹಾಕಿಕೊಡಿ. ಸಾದಾ ರಬ್ಬರ್ ಡೀಸೆಲ್‌ಗೆ ಉಬ್ಬುತ್ತದೆ, ಅದು ಬೇಡ. ಪೈಪ್ ಎಲ್ಲೂ ತಗ್ಗಿಲ್ಲದೆ ಟ್ಯಾಂಕಿನಿಂದ ಮುಚ್ಚಳದವರೆಗೆ ಏರುತ್ತಲೇ ಹೋಗಬೇಕು. ದಪ್ಪ ಪೈಪಿಗೂ ಇಳಿಜಾರು ಸಾಲದು, ಅದನ್ನೂ ನೋಡಿ. ಕೆಲಸ ಮುಗಿದ ಮೇಲೆ ನನ್ನೆದುರಿಗೇ ಟ್ಯಾಂಕ್ ತುಂಬಿಸಿ ತೋರಿಸಬೇಕು. ವಾರಂಟಿ ಇನ್ನೂ ಇದೆ, ತಪ್ಪು ಜೋಡಣೆಯದ್ದು. ಹಾಗಾಗಿ ಖರ್ಚು ನಿಮ್ಮದೇ.

ಇದೇ ಮಾಡೆಲ್ ಕೊಂಡ ಬೇರೆಯವರ ಗಾಡಿಗಳನ್ನೂ ದಯವಿಟ್ಟು ತೆಗೆದು ನೋಡಿ. ಒಳಗೆ ಗ್ಯಾಸ್ ಒಲೆ ಇರುವ, ಮಕ್ಕಳು ಮಲಗುವ ಗಾಡಿ ಇದು. ಪಕ್ಕದಲ್ಲೇ ಡೀಸೆಲ್ ಚೆಲ್ಲುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಪೈಪಿನ ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ. ಗಾಡಿ ಯಾವತ್ತು ತರಬೇಕು ಅಂತ 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ